ಬಟ್ಟೆಯ ಮೇಲೆ ಬೆಳ್ಳಿ

ನಮ್ಮ ಚಿಕ್ಕಪ್ಪನಿಗೆ ಕ್ಯಾಪ್ಟನ್ ಎಂದು ಅಡ್ಡಹೆಸರು. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ವಿಮಾನ ಹತ್ತಿದವನಲ್ಲ. ಮನೆಯ ಎರಡನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ಬಗ್ಗಿದರೇ ಅವನಿಗೆ ತಲೆ ಸುತ್ತುತ್ತದೆ. ಒಗೆದ ಬಟ್ಟೆ ಹರವುವ ಕೆಲಸ ನನ್ನ ಪಾಲಿಗೆ ಬಂದಿರುವುದು ಹಾಗೆ. ಆದರೆ ಊರಿನ ಮಾದರಿ ವಿಮಾನ ಸಂಘಕ್ಕೆ ಅವನೇ ಅಧ್ಯಕ್ಷ. ಹದಿನಾಲ್ಕು ಜನ ಸದಸ್ಯರು ಅವನನ್ನು ಕಂಡರೆ ಎದ್ದು ನಿಲ್ಲುತ್ತಾರೆ; ಅವನೂ ಕೂತ್ಕೊಳ್ಳಿ ಎಂದು ಕೈಯಾಡಿಸುವ ಮೊದಲು ಎರಡು ಕ್ಷಣ ತಡೆಯುತ್ತಾನೆ. ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಬರೆಯುವಾಗ ಏಕವಚನ ಸಾಕು.

ಈ ವಿಮಾನಗಳು ಹಾರುವಂಥವಲ್ಲ. ಪೆಟ್ಟಿಗೆಯಲ್ಲಿ ಬೂದುಬಣ್ಣದ ಪ್ಲಾಸ್ಟಿಕ್ ತುಂಡುಗಳು ಬರುತ್ತವೆ. ಕತ್ತರಿಸಿ ಅಂಟಿಸಿದರೆ ನಿಜವಾದ ವಿಮಾನದ ನಲವತ್ತೆಂಟರಲ್ಲಿ ಒಂದು ಪಾಲು ಅಳತೆಯ ಪ್ರತಿ. ಅಂಟಿಸುವುದು ಯಾರಿಗಾದರೂ ಬರುತ್ತದೆ. ಬಣ್ಣ ಹಚ್ಚುವುದು ಕೆಲವರಿಗೆ. ಹಚ್ಚಿದ ಬಣ್ಣವನ್ನು ಹಳೆಯದು ಮಾಡುವುದು, ಅಂದರೆ ಹೊಗೆ, ಎಣ್ಣೆ, ಬಿಸಿಲು, ಸವಕಲು ಎಲ್ಲವನ್ನೂ ಬೆರಳುದ್ದದ ರೆಕ್ಕೆಯ ಮೇಲೆ ತರುವುದು, ಬೇರೆಯೇ ವಿದ್ಯೆ. ಸಂಘದವರು ಅದಕ್ಕೆ ವೆದರಿಂಗ್ ಎನ್ನುತ್ತಾರೆ. ಆ ಪದ ಹೇಳುವಾಗ ಧ್ವನಿ ತಗ್ಗಿಸುತ್ತಾರೆ, ಸತ್ತವರ ವಿಷಯ ಮಾತಾಡುವ ಹಾಗೆ.

ಮೂರು ವರ್ಷಗಳಿಂದ ವಾರ್ಷಿಕ ಪ್ರದರ್ಶನದ ಮೊದಲ ಬಹುಮಾನ ಕ್ಯಾಪ್ಟನ್ನಿಗೇ ಹೋಗುತ್ತಿದೆ. ಮೂರೂ ವರ್ಷ ಆ ವಿಮಾನಗಳಿಗೆ ಬಣ್ಣ ಹಚ್ಚಿದ್ದು, ಅವನ್ನು ಹಳತು ಮಾಡಿದ್ದು ನಾನು.

ಚಿಕ್ಕಪ್ಪನ ಕೈಗೆ ಏನೂ ದೋಷವಿಲ್ಲ. ದೋಷ ತಾಳ್ಮೆಯದು. ಬಣ್ಣ ಒಣಗಿದೆಯೇ ಎಂದು ತಿಳಿಯಲು ಅವನಿಗೆ ಗೊತ್ತಿರುವ ಒಂದೇ ಉಪಾಯ ಹೆಬ್ಬೆರಳಿನಿಂದ ಒತ್ತಿ ನೋಡುವುದು. ನಾನು ಕೈಹಾಕುವ ಮೊದಲು ಅವನೊಬ್ಬನೇ ಮುಗಿಸಿದ ಐದು ವಿಮಾನಗಳು ಹಜಾರದ ಗಾಜಿನ ಕಪಾಟಿನಲ್ಲಿವೆ. ಐದರ ಮೇಲೂ ಅವನ ಹೆಬ್ಬೆರಳಿನ ಅಚ್ಚು ಇದೆ, ಹಿಂದೊಮ್ಮೆ ಬೆರಳಿಗೆ ಬ್ಲೇಡು ತಾಗಿ ಆದ ಅಡ್ಡಗೆರೆಯ ಸಮೇತ. ಇಂಥವನು ಕಳ್ಳತನಕ್ಕೆ ಇಳಿದರೆ ಒಂದೇ ದಿನದಲ್ಲಿ ಸಿಕ್ಕಿಬೀಳಬೇಕು. ಮೂರು ವರ್ಷ ಸಿಕ್ಕಿಬೀಳಲಿಲ್ಲವೆಂದರೆ ನೋಡುವವರ ಕಣ್ಣುಗಳು ಎಂಥವಿರಬೇಕು.

ಭಾನುವಾರ ಸಂಜೆ ಸಂಘದ ಸಭೆ ನಮ್ಮ ಹಜಾರದಲ್ಲೇ ಸೇರುತ್ತದೆ. ಅಪ್ಪನಿಗೆ ಬೇರೆ ಊರಿಗೆ ವರ್ಗವಾಗಿ ಅಮ್ಮನೂ ಜೊತೆಗೆ ಹೋದ ಮೇಲೆ ಈ ಮನೆಯಲ್ಲಿ ಉಳಿದಿರುವವರು ಅಜ್ಜಿ, ಮದುವೆಯಾಗದ ಚಿಕ್ಕಪ್ಪ, ನಾನು. ಟೀ ಕೊಡುವವಳು ಯಾರೆಂದು ಹೇಳಬೇಕಾಗಿಲ್ಲ. ಕಾರ್ಯದರ್ಶಿ ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಉಕ್ಕಿನ ಅಳತೆಪಟ್ಟಿ ಇಟ್ಟುಕೊಂಡಿರುವುದರಿಂದ ಅವರ ಹೆಸರೇ ಸ್ಕೇಲು ಎಂದಾಗಿದೆ. ಯಾರ ವಿಮಾನ ಕಂಡರೂ ಮೊದಲು ಅಳೆಯುತ್ತಾರೆ. ಒಮ್ಮೆ ನಮ್ಮ ಮನೆಯ ಬಿಸ್ಕತ್ತನ್ನೂ ಅಳೆದು, ಎರಡೂ ಒಂದೇ ಸಮ ಇಲ್ಲ ಎಂದು ತಲೆಯಾಡಿಸಿ, ಎರಡನ್ನೂ ತಿಂದಿದ್ದರು.

ಆ ಭಾನುವಾರ ಸುದ್ದಿ ತಂದವರೂ ಅವರೇ.

"ಈ ಸಲದ ತೀರ್ಪು ಯಾರದ್ದು ಗೊತ್ತಾ ಕ್ಯಾಪ್ಟನ್? ಫಿಟ್ಟರಮ್ಮಂದು! ವಿಮಾನ ಸಂಗ್ರಹಾಲಯದಲ್ಲಿ ದುರಸ್ತಿ ಕೋಣೆ ಇದ್ಯಲ್ಲ, ಅದರ ಮುಖ್ಯಸ್ಥೆ. ಮೂವತ್ತು ವರ್ಷ ಹ್ಯಾಂಗರಿನಲ್ಲಿ ನಿಜವಾದ ವಿಮಾನಗಳನ್ನೇ ರಿಪೇರಿ ಮಾಡಿದವರು."

"ಬರಲಿ, ಬರಲಿ," ಎಂದು ಚಿಕ್ಕಪ್ಪ ಕಾಲು ಮೇಲೆ ಕಾಲು ಹಾಕಿದ. "ನಮ್ಮ ಮಟ್ಟ ಏನು ಅಂತ ಅವರಿಗೂ ಗೊತ್ತಾಗ್ಲಿ."

"ಅಷ್ಟೇ ಅಲ್ಲ. ಅವರ ಕೋಣೆಗೆ ಒಬ್ಬರು ಸಹಾಯಕರು ಬೇಕಂತೆ. ಅರ್ಜಿ ಬೇಡ, ಬಾಯಿಮಾತೂ ಬೇಡ, ಕೈ ನೋಡಿ ತಗೋತೀನಿ ಅಂದಿದ್ದಾರೆ. ಪ್ರದರ್ಶನದಲ್ಲಿ ಯಾರ ಕೈ ಹಿಡಿಸುತ್ತೋ ಅವರಿಗೆ ಕೆಲಸ."

ನಾನು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಪದವಿ ಮುಗಿದು ಎರಡು ವರ್ಷ. ಏಳು ಸಂದರ್ಶನಗಳು ಆಗಿವೆ. ಏಳರಲ್ಲೂ ಮೊದಲ ಪ್ರಶ್ನೆ, ನಿಮ್ಮ ಬಗ್ಗೆ ಹೇಳಿ. ನನ್ನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಡೈರಿಯಲ್ಲಿದೆ. ಅಲ್ಲಿಂದ ಬಾಯಿಗೆ ಬರುವ ದಾರಿಯಲ್ಲಿ ಎಲ್ಲೋ ಸೇತುವೆ ಮುರಿದಿದೆ. ಏಳನೆಯ ಕಡೆ ಪಾಪ ಒಂದು ಲೋಟ ನೀರು ಕುಡಿಸಿ ಕಳಿಸಿದರು. ಬಾಯಿಮಾತೂ ಬೇಡ ಎನ್ನುವ ಕೆಲಸ ಈ ಲೋಕದಲ್ಲಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೈ ನೋಡುತ್ತಾರಂತೆ. ಕೈ ಇದೆ. ಆದರೆ ಆ ಕೈ ಚಿಕ್ಕಪ್ಪನ ಹೆಸರಿನಲ್ಲಿದೆ.

ಸಂಘದಲ್ಲಿ ಒಂದು ಮನೆಗೆ ಒಬ್ಬರೇ ಸದಸ್ಯರೆಂಬ ನಿಯಮವಿದೆ. ಮಾಡಿದವನು ಚಿಕ್ಕಪ್ಪನೇ, ನಾನು ಕುಂಚ ಹಿಡಿದ ವರ್ಷವೇ. ಆದರೂ ಪ್ರದರ್ಶನದ ಮೇಜಿನ ಮೇಲೆ ಪ್ರತಿ ವಿಮಾನದ ಮುಂದೆ ಇಡುವ ಚೀಟಿಯಲ್ಲಿ ಎರಡು ಸಾಲುಗಳಿರುತ್ತವೆ: ಜೋಡಣೆ, ಬಣ್ಣ. ಎರಡನೇ ಸಾಲಿನಲ್ಲಿ ಮನೆಯವರ ಹೆಸರು ಬರೆಯಬಾರದೆಂದು ಎಲ್ಲೂ ಇಲ್ಲ. ನನಗೆ ಬೇಕಾಗಿದ್ದದ್ದು ಆ ಒಂದು ಸಾಲು.

ಕೇಳಲು ನಾಲ್ಕು ದಿನ ಬೇಕಾಯಿತು. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದೆ. ಐದನೆಯ ದಿನ ಚಿಕ್ಕಪ್ಪ ಪತ್ರಿಕೆ ಓದುತ್ತಿದ್ದಾಗ ಹೋಗಿ ನಿಂತೆ.

"ಚಿಕ್ಕಪ್ಪಾ, ಈ ಸಲ ಚೀಟಿಯಲ್ಲಿ... ಬಣ್ಣ ಅನ್ನೋ ಕಡೆ ನನ್ನ ಹೆಸರು ಹಾಕ್ತೀರಾ?"

ಅವನು ಪತ್ರಿಕೆ ಇಳಿಸಿದ. "ಯಾಕಮ್ಮ? ಮನೆಯಲ್ಲಿ ನಂದು, ನಿಂದು ಅಂತ ಭಾಗ ಆಯ್ತಾ?"

"ಹಾಗಲ್ಲ. ಆ ಕೆಲಸ..."

"ಓಹೋ, ಆ ಕೆಲಸಾನಾ!" ಚಿಕ್ಕಪ್ಪ ನಕ್ಕ. "ಆ ಹೆಂಗಸು ಒಂದು ಪ್ರಶ್ನೆ ಕೇಳಿದ್ರೆ ನೀನು ಗೋಡೆ ನೋಡ್ತಾ ನಿಲ್ತೀಯ. ಮರ್ಯಾದೆ ಹೋಗೋದು ಯಾರದ್ದು?"

"ಕೈ ನೋಡಿ ತಗೋತಾರಂತೆ."

"ಕೈ ನಿಂದಿರಬಹುದು ಕಣೇ, ಕಣ್ಣು ನಂದು. ಇದು ಹೀಗೆ ಬರಬೇಕು, ಅದು ಹಾಗೆ ಬರಬೇಕು ಅಂತ ಹೇಳೋರು ಯಾರು?"

ಕಿಟಕಿಯ ಬಳಿ ಅಂಗಿಗೆ ಗುಂಡಿ ಹಚ್ಚುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು: "ಹೌದಪ್ಪ, ಕಣ್ಣು ನಿಂದೇ. ಕನ್ನಡಕ ಎಲ್ಲಿಟ್ಟೆ ಅಂತ ಮಾತ್ರ ದಿನಾ ಅವಳನ್ನ ಕೇಳ್ತೀಯ."

"ನೀನು ಸುಮ್ನಿರಮ್ಮ. ಕಲೆ ವಿಷಯ ಇದು."

ಎರಡು ದಿನ ಬಿಟ್ಟು ಚೀಟಿ ಬರೆದು ತೋರಿಸಿದ, ದೊಡ್ಡ ಉಪಕಾರ ಮಾಡಿದವನ ಮುಖದಲ್ಲಿ. ಜೋಡಣೆ ಎಂಬುದರ ಮುಂದೆ ಅವನ ಹೆಸರು. ಬಣ್ಣ ಎಂಬುದರ ಮುಂದೆ ಅವನ ಹೆಸರು. ಕೆಳಗೆ, ಇರುವೆ ಸಾಲಿನಷ್ಟು ಸಣ್ಣಗೆ, 'ಸಹಕಾರ: ಕುಟುಂಬದವರು'. ಅಜ್ಜಿಗೂ ಪಾಲು ಸಿಕ್ಕಂತಾಯಿತು. ಬಣ್ಣದ ವಾಸನೆಗೆ ಮನೆಯ ಜಿರಳೆಗಳೆಲ್ಲ ಓಡಿಹೋದದ್ದೊಂದೇ ಈ ಕಲೆಯಿಂದ ಆದ ಲಾಭ ಎಂದು ಹೇಳುತ್ತ ಬಂದವಳು ಅವಳು.

ಹಾಗಾದರೆ ಕುಂಚ ಎಸೆದು ಕೂರಬಹುದಿತ್ತಲ್ಲ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಆಗಲಿಲ್ಲ. ಅರ್ಧ ಬಣ್ಣವಾದ ವಿಮಾನ ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಬಟ್ಟೆಯ ಕ್ಲಿಪ್ಪುಗಳ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಬೇರೇನೂ ನನಗಾಗಿ ಹಾಗೆ ಕಾದದ್ದಿಲ್ಲ.

ಅದು ಒಂದೇ ಎಂಜಿನ್ನಿನ ಹಳೆಯ ಯುದ್ಧವಿಮಾನ. ಮೈಯೆಲ್ಲ ತಗಡು. ಆದರೆ ಬಾಲದ ತುದಿಯ ಚುಕ್ಕಾಣಿ, ಎಂದರೆ ವಿಮಾನವನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಆ ನಿಂತ ಪಟ್ಟಿ ಮಾತ್ರ, ಚೌಕಟ್ಟಿಗೆ ಬಿಗಿದು ಹೊಲಿದ ಬಟ್ಟೆ. ಆ ಕಾಲದವು ಎಷ್ಟೋ ಹಾಗೇ ಇದ್ದವಂತೆ. ಪೆಟ್ಟಿಗೆಯೊಳಗಿನ ಸೂಚನಾ ಹಾಳೆಯ ಮೂರನೇ ಪುಟದಲ್ಲಿ ಬರೆದಿದೆ. ಚಿಕ್ಕಪ್ಪ ಸೂಚನಾ ಹಾಳೆ ಓದುವುದಿಲ್ಲ. ಅದು ಹೊಸಬರ ಲಕ್ಷಣವಂತೆ.

ಹಳೆಯದು ಮಾಡುವುದೆಂದರೆ ಕೊಳಕು ಮಾಡುವುದೆಂದು ಸಂಘದ ಹದಿನಾಲ್ಕು ಜನರೂ ತಿಳಿದಿದ್ದಾರೆ. ವಿಮಾನದ ಮೇಲೆಲ್ಲ ಕಂದು ಮೆತ್ತಿ, ಅಂಚಿಗೆಲ್ಲ ಬೆಳ್ಳಿಬಣ್ಣ ಬಳಿದು, ಚರಂಡಿಯಿಂದ ಎತ್ತಿದಂತೆ ಮಾಡಿ ಒಬ್ಬರಿಗೊಬ್ಬರು ಕೈಕುಲುಕುತ್ತಾರೆ. ಯಾವ ವಸ್ತುವೂ ಎಲ್ಲ ಕಡೆ ಒಂದೇ ಸಮ ಹಳೆಯದಾಗುವುದಿಲ್ಲ. ಬಸ್ಸಿನ ಬಾಗಿಲ ಕಂಬಿಯನ್ನು ನೋಡಬೇಕು: ಜನ ಹಿಡಿಯುವ ಒಂದು ಗೇಣು ಮಾತ್ರ ಸವೆದು ಹೊಳೆಯುತ್ತಿರುತ್ತದೆ. ಅಜ್ಜಿಯ ಹೊಲಿಗೆ ಯಂತ್ರದ ಚಕ್ರದಲ್ಲಿ ಅವಳ ಅಂಗೈ ತಾಗುವ ಕಡೆಗೆ ಬಣ್ಣವಿಲ್ಲ, ಪಕ್ಕದಲ್ಲೇ ಚಿನ್ನದ ಹೂವು ಹೊಸದರಂತಿದೆ. ಮಾತಾಡದವಳಿಗೆ ಇಂಥವನ್ನು ನೋಡಲು ಬೇಕಾದಷ್ಟು ಹೊತ್ತಿರುತ್ತದೆ. ಹಾಗಾಗಿ ನಾನು ಎಡ ರೆಕ್ಕೆಯ ಬುಡದಲ್ಲಿ, ಚಾಲಕ ಕಾಲಿಟ್ಟು ಹತ್ತುವಲ್ಲಿ, ಹಸಿರನ್ನು ತುಸು ಸವೆಸಿದೆ. ಇಂಧನ ತುಂಬುವ ಮುಚ್ಚಳದಿಂದ ಹಿಂದಕ್ಕೆ ಒಂದು ಸಣ್ಣ ಕಲೆ. ತಗಡಿನ ಹಾಳೆಗಳು ಕೂಡುವ ಗೀರುಗಳಲ್ಲಿ ತೆಳ್ಳಗೆ ಕಲಸಿದ ಕಪ್ಪುಗಂದು, ಉಳಿದದ್ದನ್ನು ಒರೆಸಿ ತೆಗೆದೆ. ಎಂಜಿನ್ನಿನ ಹೊಗೆಯ ಗುರುತು ಎಡಕ್ಕಿಂತ ಬಲಕ್ಕೆ ಒಂದು ಕೂದಲೆಳೆ ಹೆಚ್ಚು. ಅಷ್ಟೇ.

ಚುಕ್ಕಾಣಿಗೆ ಮೂರು ದಿನ ಹಿಡಿಯಿತು. ನಮ್ಮ ಬಾಲ್ಕನಿಯಲ್ಲಿ ಮಡಚುವ ಕುರ್ಚಿಯೊಂದಿದೆ. ಚಿಕ್ಕಪ್ಪ ಆಕಾಶ ನೋಡಲೆಂದು ಕೊಂಡು ತಂದು, ತಲೆ ಸುತ್ತಿ, ಮತ್ತೆಂದೂ ಕೂರದ ಕುರ್ಚಿ. ತರುವಾಗ ಕಬ್ಬಿಣದ ಕಾಲುಗಳೂ ಕ್ಯಾನ್‌ವಾಸೂ ಒಂದೇ ಹಸಿರು. ಈಗ ಕಾಲು ಹಸಿರಾಗಿಯೇ ಇದೆ, ಬಟ್ಟೆ ಒಣಗಿದ ಎಲೆಯ ಬಣ್ಣಕ್ಕೆ ತಿರುಗಿದೆ. ಚೌಕಟ್ಟಿಗೆ ತಾಗುವ ಅಂಚಿನಲ್ಲಿ ಮಾತ್ರ ಹಳೆಯ ಹಸಿರಿನ ಗೆರೆ ಉಳಿದಿದೆ. ದಿನಾ ಬಟ್ಟೆ ಹರವುತ್ತ ಅದನ್ನು ನೋಡಿದ್ದೆ. ಚುಕ್ಕಾಣಿಯನ್ನೂ ಹಾಗೇ ಮಾಡಿದೆ, ಮೈಯ ಹಸಿರಿಗಿಂತ ಅರ್ಧ ಉಸಿರು ಮಾಸಲು, ಒಳಗಿನ ಚೌಕಟ್ಟಿನ ಪಟ್ಟಿಗಳ ಮೇಲೆ ತುಸು ಗಾಢ.

ಚಿಕ್ಕಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇದೇನೇ ಇದು? ಈಗ ತಾನೇ ಅಂಗಡಿಯಿಂದ ಬಂದ ಹಾಗಿದೆ! ಯುದ್ಧ ಮಾಡಿದ ವಿಮಾನ ಕಣೇ. ಏಟು ತಿಂದಿರಬೇಕು. ಬಣ್ಣ ಎದ್ದು ಒಳಗಿನ ತಗಡು ಹೊಳೀಬೇಕು. ಬೆಳ್ಳಿ ಹಾಕು, ಬೆಳ್ಳಿ!"

"ಇಷ್ಟು ಸಾಕು ಚಿಕ್ಕಪ್ಪಾ."

"ದೂರದಿಂದ ಎದ್ದು ಕಾಣಬೇಕಲ್ಲೇ?"

ಎದುರುಮನೆಯ ನಾಯಿ ಆಕಳಿಸಿದರೂ ರಸ್ತೆಯ ಆಚೆ ಬದಿಗೆ ಹೋಗುವವನಿಗೆ ಯುದ್ಧ ಬೇಕಂತೆ. ಅವನು ಹೋದ ಮೇಲೆ ಇಡೀ ವಿಮಾನಕ್ಕೆ ಹೊಳಪಿಲ್ಲದ ವಾರ್ನಿಷನ್ನು ಎರಡು ಸಲ ಹಾಯಿಸಿದೆ. ನೀರಿನಲ್ಲಿ ಕಲಸುವ ಈ ವಾರ್ನಿಷಿಗೆ ಒಂದು ಗುಣವಿದೆ: ಒಮ್ಮೆ ಗಟ್ಟಿಯಾದರೆ ಆಮೇಲೆ ಮೇಲೆ ಬಿದ್ದ ಎಣ್ಣೆಬಣ್ಣವನ್ನು ಟರ್ಪೆಂಟೈನ್ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬಹುದು, ಕೆಳಗಿನದಕ್ಕೆ ಏನೂ ಆಗುವುದಿಲ್ಲ. ಬೇರೆಯವರ ಮನೆಯಲ್ಲಿ ಒಂದು ಪದರ ಸಾಕಾದೀತು. ನಮ್ಮ ಮನೆಯಲ್ಲಿ ಚಿಕ್ಕಪ್ಪ ಇದ್ದಾನೆ.

ಪ್ರದರ್ಶನದ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನೇ ವಿಮಾನವನ್ನು ಪೆಟ್ಟಿಗೆಗೆ ಹಾಕಿ ದಾರ ಕಟ್ಟಿಬಿಟ್ಟಿದ್ದ. ಎಂದೂ ಮಾಡದ ಕೆಲಸ. ಅಷ್ಟರಲ್ಲೇ ನನಗೆ ಗೊತ್ತಾಗಬೇಕಿತ್ತು.

ಪ್ರದರ್ಶನ ನಡೆಯುವುದು ಒಳಾಂಗಣ ಆಟದ ಅಂಕಣದಲ್ಲಿ. ನೆಲದ ಮೇಲೆ ಬಿಳಿ ಗೆರೆಗಳು, ಗೆರೆಗಳ ಮೇಲೆ ಮೇಜುಗಳು, ಮೇಜುಗಳ ಮೇಲೆ ನೀಲಿ ಬಟ್ಟೆ. ಚಿಕ್ಕಪ್ಪ ಮಧ್ಯದ ಮೇಜಿನ ಬಳಿ ದಾರ ಬಿಚ್ಚಿ, ಟೋಪಿ ತೆಗೆಯುವವನಂತೆ ಮುಚ್ಚಳ ಎತ್ತಿದ.

ಚುಕ್ಕಾಣಿಯ ಮೇಲೆ ಬೆಳ್ಳಿ. ಎರಡೂ ಬದಿಗೆ, ಮೇಲಿನಿಂದ ಕೆಳಗಿನವರೆಗೆ, ಪಾರಿವಾಳ ಕೂತು ಎದ್ದುಹೋದ ಹಾಗೆ ಚುಕ್ಕೆ ಚುಕ್ಕೆ. ಕೆಳತುದಿಯಲ್ಲಿ ಹೆಬ್ಬೆರಳಿನ ಅಚ್ಚು.

"ಈಗ ಜೀವ ಬಂತು ನೋಡು," ಎಂದ ಮೆಲ್ಲಗೆ. "ಹತ್ತೇ ನಿಮಿಷ. ಎಣ್ಣೆಬಣ್ಣದ ಹಳೇ ಡಬ್ಬಿ ಸಿಕ್ತು."

"ಚಿಕ್ಕಪ್ಪಾ, ಅದು ಬಟ್ಟೆ. ಬಟ್ಟೆ ಮೇಲೆ ಬೆಳ್ಳಿ ಬರಲ್ಲ. ಒರೆಸಿಬಿಡ್ತೀನಿ, ಎರಡು ನಿಮಿಷ..." ತುರ್ತಿಗೆಂದು ತಂದ ಸಣ್ಣ ಡಬ್ಬಿ, ಅಂಟು, ಹತ್ತಿಕಡ್ಡಿ, ಟರ್ಪೆಂಟೈನ್ ಎಲ್ಲ ಇದ್ದದ್ದು, ನನ್ನ ಚೀಲದಲ್ಲೇ ಇತ್ತು.

"ಕೈ ಹಾಕಿದ್ರೆ ನೋಡು! ಜನ ನೋಡ್ತಿದ್ದಾರೆ, ನಗು."

ಸುಮ್ಮನಾದೆ. ನನ್ನ ನಿಜವಾದ ಪದವಿ ಇರುವುದು ಸುಮ್ಮನಾಗುವುದರಲ್ಲಿ. ಕಾಲೇಜು ಕೊಟ್ಟದ್ದು ಬರೀ ಹಾಳೆ.

ಫಿಟ್ಟರಮ್ಮ ಮೂರು ಗಂಟೆಗೆ ಬಂದರು. ಕುಳ್ಳಗೆ, ನರೆತ ಕೂದಲು, ಕುತ್ತಿಗೆಗೆ ದಾರದಲ್ಲಿ ನೇತುಬಿದ್ದ ಭೂತಗನ್ನಡಿ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು. ಮೊದಲ ಆರು ಮೇಜುಗಳನ್ನು ಬಸ್ಸಿನ ಕಿಟಕಿಯಿಂದ ನೋಡುವವರ ಹಾಗೆ ದಾಟಿದರು. ಸ್ಕೇಲು ಪಕ್ಕದಲ್ಲೇ ಅಳತೆಗಳನ್ನು ಒಪ್ಪಿಸುತ್ತ ಬರುತ್ತಿದ್ದರು. ನಮ್ಮ ಮೇಜಿನ ಮುಂದೆ ಫಿಟ್ಟರಮ್ಮ ನಿಂತರು.

"ಯಾರದ್ದು ಇದು?"

"ನಂದೇ ಮೇಡಂ. ಎಲ್ಲರೂ ಕ್ಯಾಪ್ಟನ್ ಅಂತ ಕರೀತಾರೆ."

"ಯಾವುದರ ಕ್ಯಾಪ್ಟನ್?"

ಚಿಕ್ಕಪ್ಪ ಸ್ಕೇಲಿನ ಮುಖ ನೋಡಿದ. "ಸಂಘದ್ದು ಮೇಡಂ," ಎಂದರು ಸ್ಕೇಲು.

ಅವರು ಭೂತಗನ್ನಡಿ ಹಿಡಿದು ಮೂಗಿನಿಂದ ಶುರುಮಾಡಿದರು. ರೆಕ್ಕೆಯ ಬುಡದಲ್ಲಿ ಬಹಳ ಹೊತ್ತು ನಿಂತರು. "ಇಲ್ಲಿ ಕಾಲಿಟ್ಟಿದ್ದಾನೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನನ್ನ ಕಿವಿ ಬಿಸಿಯಾಯಿತು. ಆಮೇಲೆ, "ಈ ಹೊಗೆ ಬಲಗಡೆ ಹೆಚ್ಚು ಯಾಕಿದೆ?"

"ಅದು ಮೇಡಂ... ಕಲೆ. ಅನುಭವದಿಂದ ಬರುತ್ತೆ, ಹೇಳೋಕಾಗಲ್ಲ."

ಹೇಳುವುದಕ್ಕಾಗುತ್ತದೆ. ಎರಡು ಮಾತಿನ ಉತ್ತರ. ಅದು ನನ್ನ ಹಲ್ಲಿನ ಹಿಂದೆ ಬಂದು ನಿಂತಿತು.

ಅಷ್ಟರಲ್ಲಿ ಅವರು ಬಾಲಕ್ಕೆ ಬಂದಿದ್ದರು. ಭೂತಗನ್ನಡಿ ಇಳಿಸಿದರು. ಕನ್ನಡಿಯಿಲ್ಲದೆಯೇ ಕಾಣುವಂಥದ್ದು ಅದು. ಚಿಕ್ಕಪ್ಪ ಬಯಸಿದ್ದೂ ಅದನ್ನೇ ತಾನೇ?

"ಇದೇನು?"

"ಯುದ್ಧದ ಗಾಯ ಮೇಡಂ!" ಚಿಕ್ಕಪ್ಪನ ಮುಖ ಅರಳಿತು. "ಬಣ್ಣ ಎದ್ದು ಒಳಗಿನ ತಗಡು ಕಾಣ್ತಿದೆ."

"ತಗಡಾ?" ಫಿಟ್ಟರಮ್ಮ ಬೆನ್ನ ಹಿಂದಿನ ಕೈ ಮುಂದೆ ತಂದು ಬೆರಳು ಬಿಡಿಸಿದರು. ತುದಿಗಳೆಲ್ಲ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ದವು. "ಹನ್ನೊಂದು ವರ್ಷ ನಾನು ಇದಕ್ಕೆ ಬಟ್ಟೆ ಹೊಲಿದಿದ್ದೀನಿ. ಇದೇ ಚುಕ್ಕಾಣಿಗೆ. ಹರಿದರೆ ತೂತು ಕಾಣುತ್ತೆ, ತಗಡು ಕಾಣಲ್ಲ. ಹರಿದ ಬಟ್ಟೆ ಒಳಗೆ ಬೆಳ್ಳಿ ಸಿಗೋ ಹಾಗಿದ್ರೆ ನಾನು ಕೆಲಸ ಬಿಟ್ಟು ಎಷ್ಟೋ ಕಾಲ ಆಗಿರ್ತಿತ್ತು."

ಸುತ್ತ ನಿಂತವರು ನಕ್ಕರು. ಮೂರು ವರ್ಷ ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದವರೇ. ಚಿಕ್ಕಪ್ಪ ಕೆಂಪಾದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ನಾನು ಕಣ್ಣಿಗೆ ಬಿದ್ದೆ.

"ಅದು... ಅದು ನಾನಲ್ಲ ಮೇಡಂ. ನಮ್ಮಣ್ಣನ ಮಗಳು, ಇವಳು. ಆಸೆಪಟ್ಟಳು ಅಂತ ಬಾಲ ಒಂದು ಬಿಟ್ಟುಕೊಟ್ಟೆ. ಹುಡುಗಿ, ಗೊತ್ತಾಗಲ್ಲ."

ಮೂರು ವರ್ಷಗಳಲ್ಲಿ ಮೊದಲ ಸಲ ಅವನು ನಾಲ್ಕು ಜನರ ಎದುರು ಒಂದು ಕೆಲಸವನ್ನು ನನ್ನದೆಂದು ಒಪ್ಪಿಕೊಂಡಿದ್ದ. ಇಡೀ ವಿಮಾನದಲ್ಲಿ ನಾನು ಮಾಡದೇ ಇದ್ದದ್ದು ಅದೊಂದೇ.

ಫಿಟ್ಟರಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ನೀನಾ? ಮಾಡೋ ಮೊದಲು ಕೇಳಬೇಕಮ್ಮ, ಏನು ಯಾವುದರಿಂದ ಮಾಡಿದ್ದು ಅಂತ." ಸಣ್ಣ ಪುಸ್ತಕ ತೆಗೆದು ಏನೋ ಬರೆದು ಅಡ್ಡಗೆರೆ ಎಳೆದರು. ನನ್ನ ಹೆಸರು ಕೇಳದೆಯೇ ನನ್ನನ್ನು ಹೊಡೆದುಹಾಕಿದ ಮೊದಲ ಸಂದರ್ಶನ ಅದು. ಆಮೇಲೆ ಚಿಕ್ಕಪ್ಪನಿಗೆ ಹೇಳಿದರು, "ಬಾಲ ಬಿಡಿ. ಉಳಿದದ್ದು ಮಾಡಿದ ಕೈ ನನಗೆ ಬೇಕು. ನಿಮಗೆ ನೌಕರಿ ಇರಬೇಕಲ್ಲ? ಬಿಟ್ಟು ಬರ್ತೀರಾ?"

"ಯೋಚನೆ ಮಾಡಬಹುದು ಮೇಡಂ," ಎಂದ ಚಿಕ್ಕಪ್ಪ.

ಯೋಚನೆ ಮಾಡಬಹುದಂತೆ! ಆಮೇಲೆ ನಾನು ಮಾಡಿದ್ದಕ್ಕೆ ಧೈರ್ಯ ಎಂದು ಯಾರೂ ಹೆಸರಿಡಬಾರದು. ಧೈರ್ಯವಿದ್ದವರು ಮಾತಾಡುತ್ತಾರೆ. ನನಗೆ ಬಂದದ್ದು ಬರೀ ಅಸಹ್ಯ, ಅನ್ನದಲ್ಲಿ ಕೂದಲು ಕಂಡಾಗ ಬರುವಂಥದ್ದು. ಅದನ್ನು ತೆಗೆಯದೆ ಇರಲಾಗುವುದಿಲ್ಲ. ಚೀಲದಿಂದ ಡಬ್ಬಿ ತೆಗೆದೆ. ಹತ್ತಿಕಡ್ಡಿಯನ್ನು ಟರ್ಪೆಂಟೈನಿನಲ್ಲಿ ಅದ್ದಿದೆ.

"ಅದು ಒರೆಸಿದ್ರೆ ಹೋಗುತ್ತೆ," ಎಂದಿತು ಯಾರದೋ ದನಿ. ನನ್ನದೇ.

"ಏಯ್! ಮುಟ್ಟಬೇಡ!"

"ತೀರ್ಪು ಶುರುವಾದ ಮೇಲೆ ಮುಟ್ಟಿದ್ರೆ ಸ್ಪರ್ಧೆಯಿಂದ ಹೊರಗಮ್ಮ," ಎಂದು ಸ್ಕೇಲು ಗಾಬರಿಯಲ್ಲಿ ನಡುವೆ ಬಂದರು. "ನಿಯಮ ಹನ್ನೆರಡು. ಬಹುಮಾನ ಹೋಗುತ್ತೆ!"

ಯಾರ ಬಹುಮಾನ? ನಾನು ಮುಟ್ಟಿದೆ. ಮೇಲಿನಿಂದ ಕೆಳಕ್ಕೆ, ಕಡ್ಡಿಯನ್ನು ಹೊರಳಿಸುತ್ತ. ಬೆಳಗಿನ ಬೆಳ್ಳಿ ಇನ್ನೂ ಪೂರಾ ಗಟ್ಟಿಯಾಗಿರಲಿಲ್ಲ, ಬೂದುಬಣ್ಣದ ಕೀವಿನಂತೆ ಹತ್ತಿಗೆ ಹತ್ತಿಕೊಂಡು ಬಂತು. ಒಂದು ಕಡ್ಡಿ ಕೆಟ್ಟಿತು, ಇನ್ನೊಂದು ತೆಗೆದೆ. ಒಂಬತ್ತು ಕಡ್ಡಿಗಳಾದವು. ಕೆಳಗೆ ನನ್ನ ಮಾಸಲು ಹಸಿರು ಇಟ್ಟ ಹಾಗೇ ಇತ್ತು, ಒಂದು ಗೀರೂ ಇಲ್ಲದೆ.

ಫಿಟ್ಟರಮ್ಮ ಮತ್ತೆ ಭೂತಗನ್ನಡಿ ಹಿಡಿದರು. ಈ ಸಲ ಬಗ್ಗಿದವರು ಬೇಗ ಏಳಲಿಲ್ಲ.

"ಮೈಗೂ ಇದಕ್ಕೂ ಒಂದೇ ಹಸಿರು. ಆದ್ರೆ ಇಲ್ಲಿ ಬೇರೆ ಕಾಣುತ್ತೆ. ಯಾಕೆ?"

ಪ್ರಶ್ನೆ ನನಗೇ. ಗೋಡೆ ನೋಡಿದೆ. ಗೋಡೆ ದೂರವಿತ್ತು. "ಬಟ್ಟೆ ಬೇಗ ಮಾಸುತ್ತೆ," ಎಂದೆ. "ತಗಡು ಅಷ್ಟು ಮಾಸಲ್ಲ."

"ಯಾರು ಹೇಳಿಕೊಟ್ರು?"

"ನಮ್ಮ ಬಾಲ್ಕನಿ ಕುರ್ಚಿ."

ಯಾರೋ ಕಿಸಕ್ಕೆಂದರು. ಫಿಟ್ಟರಮ್ಮ ನಗಲಿಲ್ಲ. "ಆ ಹೊಗೆ?"

"ಪ್ರೊಪೆಲ್ಲರ್ ಸುತ್ತೋದು ಒಂದೇ ಕಡೆ. ಗಾಳಿ ಹೊರಳಿಕೊಂಡು ಬರುತ್ತೆ."

"ಹ್ಞೂಂ." ಅವರು ಕನ್ನಡಿಯ ತುದಿಯಿಂದ ಚುಕ್ಕಾಣಿಯ ಕೆಳಭಾಗ ತೋರಿಸಿದರು. ಅಲ್ಲೊಂದು ಬೆಳ್ಳಿಯ ಕಲೆ ಉಳಿದಿತ್ತು. ಅದರಲ್ಲಿ ಹೆಬ್ಬೆರಳಿನ ಅಚ್ಚು, ಅಡ್ಡಗೆರೆಯ ಸಮೇತ. "ಇದನ್ನ ಯಾಕೆ ಬಿಟ್ಟೆ?"

ನನ್ನ ಹೆಬ್ಬೆರಳು ಕಡ್ಡಿ ಹಿಡಿದುಕೊಂಡು ಅವರ ಕಣ್ಣೆದುರೇ ಇತ್ತು, ಸಣ್ಣಗೆ, ಉಗುರಿನ ಸುತ್ತ ಹಸಿರು ಹತ್ತಿಕೊಂಡು. ಅವರು ಅದನ್ನು ನೋಡಿದರು. ಅಚ್ಚನ್ನು ನೋಡಿದರು. ಮೆಲ್ಲಗೆ ಚಿಕ್ಕಪ್ಪನ ಕಡೆ ತಿರುಗಿದರು. ಅವನ ಕೈ ಅಷ್ಟರಲ್ಲಿ ಜೇಬು ಸೇರಿತ್ತು.

"ಜೇಬಿನಿಂದ ಕೈ ತೆಗೀರಿ ಕ್ಯಾಪ್ಟನ್."

"ಯಾಕೆ ಮೇಡಂ?"

"ಬೆಚ್ಚಗಿದ್ಯಾ ಅಂತ ನೋಡೋಣ."

ಅವನು ತೆಗೆಯಲಿಲ್ಲ. ತೆಗೆಯಬೇಕಾಗಿಯೂ ಇರಲಿಲ್ಲ, ಬೆಳಿಗ್ಗೆ ಇಸ್ತ್ರಿ ಮಾಡಿದ ಪ್ಯಾಂಟಿನ ಜೇಬಿನಂಚಿಗೆ ಬೆಳ್ಳಿ ಅಂಟಿತ್ತು. ಫಿಟ್ಟರಮ್ಮ ಪುಸ್ತಕ ತೆರೆದು, ಆಗ ಎಳೆದ ಗೆರೆಯ ಪಕ್ಕದಲ್ಲಿ ಪೆನ್ನು ಹಿಡಿದು ನನ್ನ ಹೆಸರು ಕೇಳಿದರು. ಹೇಳಿದೆ. ಮೊದಲ ಸಲ ಅವರಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ.

"ಸೋಮವಾರ ಒಂಬತ್ತಕ್ಕೆ ಬಾ. ಹರಿದ ಚುಕ್ಕಾಣಿ ಮೂರು ಬಿದ್ದಿವೆ ಕೋಣೆಯಲ್ಲಿ, ನಿಜವಾದವು. ಸೂಜಿ ಹಿಡಿಯೋಕೆ ಬರುತ್ತಾ?"

"ಇಲ್ಲ."

"ಒಳ್ಳೇದಾಯ್ತು. ಕೆಟ್ಟದ್ದು ಕಲಿತಿಲ್ಲ."

ಬಹುಮಾನ ಸ್ಕೇಲಿಗೆ ಹೋಯಿತು. ಅವರ ವಿಮಾನದ ಅಳತೆ ಸರಿಯಾಗಿತ್ತು. ಅದಕ್ಕಿದ್ದ ಗುಣ ಅದೊಂದೇ. ನಮ್ಮದು ನಿಯಮ ಹನ್ನೆರಡರ ಪ್ರಕಾರ ಪೆಟ್ಟಿಗೆ ಸೇರಿತು.

ಬಸ್ಸಿನಲ್ಲಿ ಚಿಕ್ಕಪ್ಪ ಎರಡು ನಿಲ್ದಾಣಗಳವರೆಗೆ ಕಿಟಕಿಯ ಹೊರಗೆ ನೋಡಿದ. ನಾನು ಹಿಡಿದುಕೊಂಡ ಕಂಬಿಯ ಸವೆದ ಜಾಗ ಅಂಗೈಗೆ ನುಣುಪಾಗಿ ತಾಗುತ್ತಿತ್ತು. ಮೂರನೇ ನಿಲ್ದಾಣ ದಾಟಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ಹೇಗೆ? ನಾನು ಬೇಕಂತಲೇ ಹಚ್ಚಿದ್ದು ಅದನ್ನ. ನೀನು ಬಾಯಿ ಬಿಡಲಿ ಅಂತ."

ಮನೆಯಲ್ಲಿ ಅಜ್ಜಿಗೂ ಅದನ್ನೇ ಹೇಳಿದ, ಇನ್ನೂ ಸ್ವಲ್ಪ ಉದ್ದ ಮಾಡಿ. ಆ ಹೊತ್ತಿಗೆ ಫಿಟ್ಟರಮ್ಮನ ಜೊತೆ ಮೊದಲೇ ಮಾತಾಡಿಕೊಂಡಿದ್ದ ಎಂಬುದೂ ಸೇರಿತ್ತು. ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ," ಎಂದಳು. "ಹೋಗಪ್ಪ, ಪ್ಯಾಂಟು ಬಿಚ್ಚಿ ಕೊಡು. ಆ ಬೆಳ್ಳಿ ಸೋಪಿಗೆ ಹೋಗಲ್ಲ. ಅದಕ್ಕೂ ನಿನ್ನ ಅಣ್ಣನ ಮಗಳೇ ಬೇಕು."

ಮರುದಿನ, ಭಾನುವಾರ ಸಂಜೆ, ಸಭೆ ಎಂದಿನಂತೆ ಸೇರಿತು. ಹದಿನಾಲ್ಕು ಜನರೂ ಎದ್ದು ನಿಂತರು. ಅವರಿಗೂ ಬೇರೆ ಕ್ಯಾಪ್ಟನ್ ಎಲ್ಲಿ ಸಿಗಬೇಕು? ನಾನು ಟೀ ಕೊಡಲಿಲ್ಲ. ಅಡುಗೆಮನೆಯಲ್ಲಿ ಕೂತು ಅಜ್ಜಿಯಿಂದ ಹೊಲಿಗೆ ಕಲಿಯುತ್ತಿದ್ದೆ. ಹಜಾರದಿಂದ ಚಿಕ್ಕಪ್ಪನ ದನಿ ಕೇಳುತ್ತಿತ್ತು: ಶಿಷ್ಯರನ್ನು ತಯಾರು ಮಾಡುವುದು ಎಷ್ಟು ಕಷ್ಟ, ಅದಕ್ಕೆ ಗುರುವಾದವನು ಎಷ್ಟು ತ್ಯಾಗ ಮಾಡಬೇಕಾಗುತ್ತದೆ.

ಎಲ್ಲರೂ ಹೋದ ಮೇಲೆ ಕಪ್ಪುಗಳನ್ನು ತರಲು ಹೋದೆ. ವಿಮಾನ ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿತ್ತು, ಮುಂದೆ ಅದೇ ಚೀಟಿ. ಚೀಟಿ ತೆಗೆದು, ಬಣ್ಣ ಎಂಬುದರ ಮುಂದಿದ್ದ ಹೆಸರನ್ನು ಹೊಡೆದು ನನ್ನದನ್ನು ಬರೆದು, ಮತ್ತೆ ಇಟ್ಟೆ. ಹರಿದು ಹಾಕುತ್ತಾನೇನೋ, ಹಾಕಲಿ. ಬಾಗಿಲು ಮುಚ್ಚುವಾಗ ಕಂಡಿತು, ಯಾರಿಗೋ ತೋರಿಸುತ್ತ ಒತ್ತಿದ್ದಿರಬೇಕು, ಗಾಜಿನ ನಡುಮಧ್ಯದಲ್ಲಿ ದೊಡ್ಡದೊಂದು ಹೆಬ್ಬೆರಳಿನ ಅಚ್ಚು, ಅಡ್ಡಗೆರೆಯ ಸಮೇತ.

ಕೈಯಲ್ಲಿ ಒರೆಸುವ ಬಟ್ಟೆಯಿತ್ತು. ಒರೆಸಲಿಲ್ಲ. ಅದು ಅವನ ಸ್ವಂತ ಕೆಲಸ.